ಹದಿನೇಳನೇ ಬಿಲ್ಲೆಯವರು

೧೯೪೭ನೇ ಇಸವಿ ಫೆಬ್ರುವರಿ ೧೬, ಭಾನುವಾರ, ಬೆಳಿಗ್ಗೆ ೬ ಗಂಟೆ ೨೦ ನಿಮಿಷ. ನಿನ್ನೆ ಸಂಜೆಯ ರೈಲಿಗೆ ರಾಯಚೂರಿನಿಂದ ಮನೆಗೆ ಬಂದೆ. ಆರು ದಿನ ಅಲೆದ ಸಿಟ್ಟು ಇನ್ನೂ ತಣ್ಣಗಾಗಿಲ್ಲ. ತಣ್ಣಗಾಗುವ ಮೊದಲೇ ಬರೆದಿಡುತ್ತೇನೆ. ಆಮೇಲೆ ಬರೆದರೆ ನಾನು ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿಬಿಡುತ್ತೇನೆ.

ನಮ್ಮೂರು ತುಂಗಭದ್ರೆಯ ಈಚೆ, ಬ್ರಿಟಿಷರ ಸೀಮೆಯಲ್ಲಿದೆ. ಆಚೆ ದಡದಿಂದ ನಿಜಾಮರ ರಾಜ್ಯ. ನಡುವೆ ಇರುವುದು ಒಂದು ರೈಲು ಸೇತುವೆ ಮಾತ್ರ. ಆದರೂ ನಮ್ಮ ಕಡೆಯವರಿಗೆ ಅದು ಪರದೇಶ. ಯಾರಾದರೂ ರಾಯಚೂರಿಗೆ ದುಡಿಯಲು ಹೋದರೆ 'ಮೊಗಲಾಯಿಗೆ ಹೋಗ್ಯಾನ' ಎಂದು ಹೇಳುವಾಗ ದನಿಯನ್ನೇ ತಗ್ಗಿಸುತ್ತಾರೆ. ಅಲ್ಲಿನ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ವಾರದ ರಜೆ ಬೇರೆ, ತಿಂಗಳುಗಳ ಹೆಸರೂ ಬೇರೆ, ಫಸಲಿ ಎಂದು ಎಣಿಸುವ ಇಸವಿಯೂ ಬೇರೆ. ಸ್ಟೇಷನ್ನಿನಲ್ಲಿ ಕರೋಡಗಿರಿಯವರು, ಅಂದರೆ ಸುಂಕದವರು, ಹಾಸಿಗೆಯ ಸುರುಳಿಯನ್ನೂ ಬಿಚ್ಚಿ ನೋಡುತ್ತಾರೆ.

ಆ ಪರದೇಶದಲ್ಲಿ ನಾನು ೩ ವರ್ಷ ೧ ತಿಂಗಳು ೫ ದಿನ ದುಡಿದೆ. ೧೯೩೬ನೇ ಡಿಸೆಂಬರ್ ೭, ಸೋಮವಾರದಿಂದ ೧೯೪೦ನೇ ಜನವರಿ ೧೧, ಗುರುವಾರದವರೆಗೆ. ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಕಾಂಟಾದ ಕೆಲಸ. ಕಾಂಟಾ ಎಂದರೆ ಆಳೆತ್ತರದ ತೂಕದ ತಕ್ಕಡಿ. ಬಂಡಿಯಿಂದ ಇಳಿದ ಹತ್ತಿಯ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಅದಕ್ಕೆ ಏರಿಸಿ, ತೂಕ ಕೂಗಿ ಹೇಳುವುದು ನನ್ನ ಕೆಲಸ. ತೂಗಿದ ಅಂಡಿಗೆಗೆ ಒಂದೊಂದು ಗೆರೆಯಂತೆ ನನ್ನ ದಿನಚರಿಯಲ್ಲಿ ಎಳೆದುಕೊಳ್ಳುತ್ತಿದ್ದೆ, ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಅದನ್ನು ಮಾಡೆಂದು ಯಾರೂ ಹೇಳಿರಲಿಲ್ಲ. ಎಣಿಸದೆ ಬಿಟ್ಟರೆ ದಿನವೇ ಕಳೆದುಹೋದ ಹಾಗೆ ನನಗೆ ಅನ್ನಿಸುತ್ತದೆ. ತಂದೆ ತೀರಿಕೊಂಡ ಮೇಲೆ ಊರಿಗೆ ಮರಳಿ, ಸೋದರಮಾವನ ಅಂಗಡಿಯಲ್ಲಿ ನಿಂತವನು ಏಳು ವರ್ಷ ಆ ಸೇತುವೆ ದಾಟಲಿಲ್ಲ.

ಈಗ ದಾಟಿದ್ದಕ್ಕೆ ಕಾರಣ ಒಂದು ಕಾಗದ. ನಮ್ಮೂರಲ್ಲಿ ಹತ್ತಿ ಬೆಳೆಗಾರರ ಸಂಘವೊಂದು ತೂಕದ ಮೇಲ್ವಿಚಾರಕನ ಜಾಗಕ್ಕೆ ಅರ್ಜಿ ಕರೆದಿದೆ. ಕಾಂಟಾದಲ್ಲಿ ಕನಿಷ್ಠ ಮೂರು ವರ್ಷ ದುಡಿದಿರಬೇಕು, ದುಡಿಸಿಕೊಂಡವರಿಂದ ಸರ್ಟಿಫಿಕೇಟ್ ತರಬೇಕು, ಕಡೆಯ ದಿನ ಫೆಬ್ರುವರಿ ೨೮. ಮಾವನ ಅಂಗಡಿಯಿಂದ ಹೊರಗೆ ಬರಲು ನನಗೆ ಸಿಕ್ಕಿರುವ ಬಾಗಿಲು ಇದೊಂದೇ. ನನ್ನ ಮೂರು ವರ್ಷದ ಮೇಲೆ ಮೂವತ್ತಾರು ದಿನ ಹೆಚ್ಚೇ ಇದೆಯಲ್ಲ ಎಂದು ಧೈರ್ಯವಾಗಿ ಹೊರಟೆ.

ಆ ಗಿರಣಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೆಲಸಗಾರರ ಪಟ್ಟಿ ಉರ್ದುವಿನಲ್ಲಿತ್ತು. ಅದರಲ್ಲಿ ಒಂದು ಹೆಸರು ತೆಗೆದು ಇನ್ನೊಂದು ಹಾಕಬೇಕಾದರೆ ಕಚೇರಿಗೆ ದರಖಾಸ್ತು ಬರೆಸಬೇಕು, ಮೊಹರು ಒತ್ತಿಸಬೇಕು, ವಾರಗಟ್ಟಲೆ ಅಲೆಯಬೇಕು. ಆ ರಗಳೆ ಬೇಡವೆಂದು, ಮನುಷ್ಯ ಬದಲಾದರೂ ಪಟ್ಟಿಯ ಹೆಸರನ್ನು ಬದಲಾಯಿಸುತ್ತಿರಲಿಲ್ಲ. ಪ್ರತಿ ಜಾಗಕ್ಕೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಅದನ್ನು ಕೊರಳಿಗೆ ಹಾಕಿಕೊಂಡವನು ಆ ಜಾಗದಲ್ಲಿ ಮೊದಲು ದುಡಿದವನ ಹೆಸರಿಗೆ 'ಹಾಜರ್' ಅನ್ನಬೇಕು.

ನನ್ನದು ಹದಿನೇಳನೇ ಬಿಲ್ಲೆ. ನನಗಿಂತ ಹಿಂದಿನವರು ಮಾನ್ವಿ ಕಡೆಯ ಬಾಗಲವಾಡದವರು. ಬಿಲ್ಲೆ ಬಿಚ್ಚಿ ನನ್ನ ಕೈಯಲ್ಲಿಟ್ಟು, ಕೂಗುವ ಹೆಸರನ್ನು ಎರಡು ಸಲ ಹೇಳಿಕೊಟ್ಟು, "ಇದು ಕೇಳಿದ ಕೂಡಲೇ ಓ ಅನಬೇಕು ತಮ್ಮಾ, ಯೋಚನಿ ಮಾಡಕೋತ ನಿಂದ್ರಬ್ಯಾಡ" ಎಂದಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನನ್ನದಲ್ಲ, ಅವರದೂ ಆಗಿರಲಿಲ್ಲ.

ಫೆಬ್ರುವರಿ ೧೦, ಸೋಮವಾರ. ಬೆಳಿಗ್ಗೆ ೭ಕ್ಕೆ ೫ ನಿಮಿಷ ಇರುವಾಗ ಗಿರಣಿಯ ಗೇಟಿನಲ್ಲಿದ್ದೆ. ಒಳಗೆ ಹಾಜರಿ ನಡೆದಿತ್ತು. ಬೇವಿನ ಗಿಡ ಅದೇ, ಶೆಡ್ಡಿನ ತಗಡು ಅದೇ, ಗಾಳಿಯಲ್ಲಿ ಹತ್ತಿಕಾಳಿನ ಅದೇ ಎಣ್ಣೆ ವಾಸನೆ. ಹೊಸ ಜಮಾದಾರ ಹದಿನಾಲ್ಕು, ಹದಿನೈದು, ಹದಿನಾರರ ಹೆಸರು ಕೂಗಿದ. ಮುಂದೆ ಆ ಹೆಸರು ಬಂತು. ಗೇಟಿನ ಹೊರಗೆ ಕೈಚೀಲ ಹಿಡಿದು ನಿಂತಿದ್ದ ನಾನು ಗಟ್ಟಿಯಾಗಿ "ಹಾಜರ್!" ಅಂದೆ. ಅದೇ ಕ್ಷಣ ಒಳಗಿನಿಂದ ಇನ್ನೊಬ್ಬನೂ ಅಂದ.

ಗೇಟಿನ ಮುದುಕ, ನನ್ನ ಕಾಲದ ಆಮೇಲೆ ಬಂದವನು, ಹೊಟ್ಟೆ ಹಿಡಿದುಕೊಂಡು ನಕ್ಕ. "ಏ, ಇವತ್ತು ಹದಿನೇಳು ಅವಳಿ ಹುಟ್ಯಾವಲ್ಲೋ! ಒಳಗ ಬಿಡ್ರಿ ಅವರ್ನ, ಗಾಳಿಗೆ ನಿಂತಾರ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಆರು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಗಿರಣಿಯ ಲೆಕ್ಕಪತ್ರ ನೋಡುತ್ತಿದ್ದ ಹಳೆಯ ಮುನೀಮರು ತೀರಿಕೊಂಡಿದ್ದರು. ಗಾದಿಯ ಮೇಲೆ ಇದ್ದವರು ಹೊಸಬರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮಾತು ಮೆತ್ತಗೆ, ಒಂದು ಸಲವೂ ಗದರಲಿಲ್ಲ. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಬಂದ ಕಾರಣ ಹೇಳಿದೆ. ಅವರು ಪಟ್ಟಿ ತೆಗೆದು ಬೆರಳಿಟ್ಟರು.

"ಇಲ್ನೋಡ್ರಿ. ೧೩೩೪ ಫಸಲಿಯಿಂದ ಹದಿನೇಳಕ್ಕ ಒಬ್ಬನ ಮನುಷ್ಯಾ ಅದಾನ. ಇಪ್ಪತ್ತೆರಡು ವರ್ಷ ಆತು. ಇವತ್ತು ಮುಂಜಾನೇನೂ ಹಾಜರ್ ಅಂದಾನ. ನೀವು ಯಾವಾಗ ನಡಕ ಬಂದ್ರಿ?"

"ಆ ಒಬ್ಬ ಮನುಷ್ಯಾ ನಡಕ ಮೂರು ವರ್ಷ ನಾನ ಆಗಿದ್ದೆರೀ."

"ಹಂಗಂತ ಎಲ್ಲಿ ಬರದದ?"

ದಿನಚರಿ ತೆಗೆದು ತೋರಿಸಿದೆ. ಅವರು ಹಾಳೆ ತಿರುವಿ, "ಗೆರಿ ಛಲೋ ಎಳದೀರಿ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಈ ಹೆಸರಿಗೆ ಬೇಕಂದ್ರ ಇಪ್ಪತ್ತೆರಡು ವರ್ಷದ ಸರ್ಟಿಫಿಕೇಟ್ ಈಗ ಬರದು ಕೊಡ್ತೀನಿ. ನಿಮ್ಮ ಹೆಸರಿಗೆ ಬೇಕಂದ್ರ ಆಗಿನ ಕಾಲದಾಗ ನಿಮ್ಮನ್ನ ನೋಡಿದವರು ಇಬ್ಬರು ಬರದು ಕೊಡ್ಲಿ. ಅದರ ಮ್ಯಾಲ ನಾ ಸಹಿ ಮಾಡ್ತೀನಿ, ಮಾತು ತಪ್ಪಂಗಿಲ್ಲ" ಅಂದರು.

ಇಬ್ಬರು ತಾನೇ? ಆಗ ನನಗೆ ಅದು ದೊಡ್ಡದು ಅನ್ನಿಸಲಿಲ್ಲ. ವಿಚಾರಿಸಿದೆ. ನನ್ನ ಕಾಲದವರಲ್ಲಿ ಬದುಕಿದ್ದು ಸಿಗುವವರು ಸರಿಯಾಗಿ ಇಬ್ಬರೇ. ಹಾಜರಿ ಕೂಗುತ್ತಿದ್ದ ಹಳೆಯ ಜಮಾದಾರರು ದೇವದುರ್ಗದಲ್ಲಿ. ಕಾಂಟಾದ ಕೆಳಗೆ ಉದುರಿದ ಹತ್ತಿ ಆರಿಸುತ್ತಿದ್ದ ಯವ್ವ ಮಾನ್ವಿಯಲ್ಲಿ, ಮಗಳ ಮನೆಯಲ್ಲಿ.

೧೧, ಮಂಗಳವಾರ. ದೇವದುರ್ಗದ ಮೋಟಾರು ಕಲ್ಮಲದ ಹತ್ತಿರ ಕೆಟ್ಟು ನಿಂತಿತು. ಕಾದದ್ದು ೩ ಗಂಟೆ ೪೦ ನಿಮಿಷ. ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಒಂದು ಮಠದ ಪಡಸಾಲೆಯಲ್ಲಿ ಮಲಗಿ, ಬುಧವಾರ ಬೆಳಿಗ್ಗೆ ೮ಕ್ಕೆ ಜಮಾದಾರರ ಮನೆ ಹುಡುಕಿದೆ.

ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಮೈ ಇಳಿದಿತ್ತು, ದನಿ ಮಾತ್ರ ಗಿರಣಿಯಂಗಳದ ಅಳತೆಯದೇ. ದೂರದಿಂದಲೇ ಗುರುತು ಹಿಡಿದು ಪಟ್ಟಿಯ ಹೆಸರಿನಿಂದ ಕೂಗಿದರು. ನನಗೇ ತಿಳಿಯದೆ "ಜೀ" ಅಂದಿದ್ದೆ. ಒಳಗೆ ಕರೆದು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಉಣ್ಣುವವರೆಗೆ ಕೆಲಸದ ಮಾತು ಆಡಗೊಡಲಿಲ್ಲ. ಉಂಡಾದ ಮೇಲೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಿನ್ನ ಖರೇ ಹೆಸರು ನನಗ ಗೊತ್ತದ ತಮ್ಮಾ. ಬಂದ ದಿನಾನ ಕೇಳಿದ್ದೆ. ಆದ್ರ ಬರದು ಹ್ಯಾಂಗ ಕೊಡ್ಲಿ? ಆ ಹೆಸರು ಸುಳ್ಳು ಅಂತ ನಾ ಬರದ್ರ, ನಾ ದಿನಾ ಮುಂಜಾನಿ ಕೂಗಿದ್ದೆಲ್ಲಾ ಸುಳ್ಳಾಕ್ಕದ. ಕಾಗದ ಕಚೇರಿಗೆ ಹೋದ್ರ ಮೊದಲು ನನ್ನ ಕೇಳ್ತಾರ. ನನ್ನ ಮಗ ಈಗ ಅದ ಗಿರಣ್ಯಾಗ ಅದಾನ. ಅವನೂ ಇನ್ನೊಬ್ಬನ ಹೆಸರಿಗೆ ಓ ಅಂತಾನ."

"ಒಂದು ಸಾಲು ಸಾಕ್ರೀ. ನಾ ಕಾಂಟಾದಾಗ ಇದ್ದೆ ಅಂತ."

"ಯಾವ ನೀನು?" ಅಂದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ಕೇಳಿದರು. ಬಾಗಿಲವರೆಗೆ ಬಂದು ಹೆಗಲ ಮೇಲೆ ಕೈಯಿಟ್ಟು, "ನಿನಗೇನ್ ಕಡಿಮಿ ಮಾಡೀನಿ ಹೇಳು? ನಿನ್ನ ಹಾಜರಿ ಒಂದ ದಿನಾನೂ ಬೀಳಗೊಡಲಿಲ್ಲ ನಾ" ಅಂದರು. ಬೀಳ್ಕೊಡುವಾಗಿನ ಒಳ್ಳೆಯ ಮಾತು ಎಂದುಕೊಂಡು ಅದನ್ನು ದಿನಚರಿಯಲ್ಲೂ ಬರೆಯಲಿಲ್ಲ. ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ.

ಮಾನ್ವಿಗೆ ಹೋಗಲು ಮತ್ತೆ ಕಲ್ಮಲದವರೆಗೆ ಹಿಂದಕ್ಕೆ ಬಂದು ಬೇರೆ ಮೋಟಾರು ಹಿಡಿದೆ. ೧೩, ಗುರುವಾರ ಬೆಳಿಗ್ಗೆ ೯ಕ್ಕೆ ಯವ್ವನ ಮಗಳ ಮನೆ ಸಿಕ್ಕಿತು. ಒಂದೇ ಅಂಕಣದ ಮಣ್ಣಿನ ಮನೆ, ಮುಂದೆ ನೀರಿನ ಬಾನಿ. ಯವ್ವ ಕುಸುಬೆ ಕೇರುತ್ತ ಕುಳಿತಿದ್ದಳು. ತಲೆಯೆತ್ತಿ ನೋಡಿದವಳೇ, "ಗೆರಿ ಎಳಿಯೋ ಮಗಾ! ಇನ್ನಾ ಎಳ್ಯಾಕತ್ತೀ ಏನೋ?" ಅಂದಳು.

ನನಗೆ ಕಣ್ಣು ಒದ್ದೆಯಾಯಿತು. ಪಟ್ಟಿಯ ಹೆಸರಿನಿಂದಲ್ಲದೆ ನನ್ನದೇ ಗುಣದಿಂದ ನನ್ನನ್ನು ಗುರುತಿಸಿದ ಮೊದಲ ಜೀವ. ಕೆಲಸ ಆಯಿತು ಎಂದೇ ತಿಳಿದೆ. ಬೀದಿಯ ಕೊನೆಯಲ್ಲಿದ್ದ ಅರ್ಜಿ ಬರೆಯುವವರನ್ನು ಕರೆತಂದೆ. ಅವರು ಚಾಪೆಯ ಮೇಲೆ ಕುಳಿತು, "ಹೇಳಬೇ, ಇವರು ಯಾರು?" ಅಂದರು.

ಯವ್ವ ಸ್ಪಷ್ಟವಾಗಿ ಪಟ್ಟಿಯ ಹೆಸರನ್ನೇ ಹೇಳಿದಳು.

"ಅದಲ್ಲ ಯವ್ವಾ" ಎಂದು ನನ್ನ ಹೆಸರು ಹೇಳಿದೆ. ಆ ಪದ್ಧತಿಯನ್ನೆಲ್ಲ ವಿವರಿಸಿದೆ. ಅವಳು ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು.

"ಅಲ್ಲೋ, ಮೂರು ವರ್ಷ ನಾ ಆ ಹೆಸರು ಹಿಡದು ಕರದೀನಿ, ನೀ ತಿರುಗಿ ನೋಡೀದಿ. ನಿನಗ ಜ್ವರ ಬಂದಾಗ ಆ ಹೆಸರು ಹೇಳಿ ದೇವರಿಗೆ ಕಾಯಿ ಒಡಿಸೀನಿ. ಈಗ ಬಂದು ಅದು ನಾ ಅಲ್ಲ ಅಂತೀದಿ. ಯಾವಾಗ ಸುಳ್ಳ ಹೇಳಿದಿ, ಆಗೋ ಈಗೋ?"

"ಆಗ, ಯವ್ವಾ."

"ಹಂಗಾದ್ರ ಈಗ ನನ್ನ ಕೈಲೆ ಯಾಕ ಹೇಳಸ್ತೀ? ನೀ ಒಳ್ಳೇ ಹುಡುಗ ಇದ್ದೀ ಅಂತ ಬರಸ್ಕೋ, ಹತ್ತು ಸಲ ಹೆಬ್ಬಟ್ಟು ಒತ್ತತೀನಿ. ನಾ ಕೇಳದ ಹೆಸರಿಗೆ ಒತ್ತಂಗಿಲ್ಲ."

ಅರ್ಜಿ ಬರೆಯುವವರು ನಗು ತಡೆಯಲಾರದೆ ಲೇಖನಿ ಒರೆಸಿಕೊಂಡರು. ನಾನು ಒಂದು ಗಂಟೆ ಬೇಡಿಕೊಂಡೆ. ಆಗಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿ ಎದ್ದು ಬಂದೆ, ಕೊಟ್ಟ ಮಜ್ಜಿಗೆಯನ್ನೂ ಅರ್ಧ ಬಿಟ್ಟೆ. ಆ ಅರ್ಧ ಲೋಟ ಈಗ ಬರೆಯುವಾಗ ನಾಚಿಕೆ ಕೊಡುತ್ತಿದೆ. ಅವಳೊಬ್ಬಳೇ ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

ರಾತ್ರಿ ಮಾನ್ವಿಯಲ್ಲೇ ಉಳಿದು ಬೆಳಿಗ್ಗೆ ಮೋಟಾರು ಹತ್ತಿದೆ. ದಾರಿಯಲ್ಲಿ ದಿನಚರಿ ತಿರುವುತ್ತಿದ್ದಾಗ, ಅವಳು ಜ್ವರದ ಮಾತು ಎತ್ತಿದ್ದು ನೆನಪಾಗಿ ಒಂದು ದಾರಿ ಹೊಳೆಯಿತು. ನನ್ನ ಗೈರುಹಾಜರಿ! ಮೂರು ವರ್ಷದಲ್ಲಿ ನಾನು ಕೆಲಸಕ್ಕೆ ಹೋಗದೆ ಇದ್ದದ್ದು ೧೧ ದಿನ. ಜ್ವರಕ್ಕೆ ೪, ತಂಗಿಯ ಮದುವೆಗೆ ೩, ಹೊಳೆ ಬಂದು ರೈಲು ನಿಂತದ್ದಕ್ಕೆ ೨, ಕಾಲು ಉಳುಕಿ ೨. ಹನ್ನೊಂದಕ್ಕೂ ಇಂಗ್ಲಿಷ್ ತಾರೀಖು ಒಂದು ಕಡೆ, ಬಹಮನ್, ಇಸ್ಫಂದಾರ್, ತೀರ್ ಎಂದು ಅಲ್ಲಿನ ಫಸಲಿ ತಾರೀಖು ಇನ್ನೊಂದು ಕಡೆ ಬರೆದಿಟ್ಟಿದ್ದೇನೆ. ಗಿರಣಿಯ ಹಾಜರಿ ಪುಸ್ತಕದಲ್ಲಿ ಹದಿನೇಳನೇ ಬಿಲ್ಲೆ ಸರಿಯಾಗಿ ಅದೇ ಹನ್ನೊಂದು ದಿನ ಗೈರಾಗಿದ್ದರೆ, ಆಗ ಆ ಬಿಲ್ಲೆ ನನ್ನ ಕೊರಳಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಮೋಟಾರಿನಲ್ಲೇ ಹನ್ನೊಂದು ತಾರೀಖುಗಳನ್ನು ಬೇರೆ ಹಾಳೆಗೆ ಇಳಿಸಿದೆ. ಸ್ಟೇಷನ್ನು ಬಿಟ್ಟ ದಿನದಿಂದ ಮೊದಲ ಬಾರಿ ಹಸಿವಾಯಿತು.

ರಾಯಚೂರಿನಲ್ಲಿ ಇಳಿದು ಗಿರಣಿಗೆ ಓಡಿದರೆ ಗೇಟಿಗೆ ಬೀಗ. ಅಂದು ೧೪, ಶುಕ್ರವಾರ. ಅಲ್ಲಿ ಶುಕ್ರವಾರ ರಜೆ! ಒಂದು ಕಾಲದಲ್ಲಿ ಪ್ರತಿ ಶುಕ್ರವಾರಕ್ಕೂ ದಿನಚರಿಯಲ್ಲಿ ಸೊನ್ನೆ ಸುತ್ತುತ್ತಿದ್ದವನು, ಏಳು ವರ್ಷ ಭಾನುವಾರದ ರಜೆಗೆ ಒಗ್ಗಿ ಅದನ್ನೇ ಮರೆತಿದ್ದೆ. ಬೀಗದ ಮುಂದೆ ನಿಂತು ನನ್ನನ್ನೇ ಬೈದುಕೊಂಡೆ.

೧೫, ಶನಿವಾರ, ಬೆಳಿಗ್ಗೆ ೮. ಮುನೀಮರು ನನ್ನ ಹಾಳೆ ನೋಡಿ, "ಹುಷಾರಿ ಅದೀರಿ ನೀವು" ಎಂದು ನಿಜವಾಗಿಯೇ ಮೆಚ್ಚಿದರು. ಹಳೆಯ ಹಾಜರಿ ಪುಸ್ತಕ ಅಟ್ಟದಿಂದ ಇಳಿಯಿತು. ಧೂಳು ಜಾಡಿಸಿ, ನಾನು ತಾರೀಖು ಹೇಳಿದಂತೆ ಅವರು ಹುಡುಕಿದರು.

"ಬಹಮನ್ ಹತ್ತೊಂಬತ್ತು?"

"ಹಾಜರ್."

"ಇಪ್ಪತ್ತು?"

"ಹಾಜರ್."

ಹನ್ನೊಂದನ್ನೂ ಕೇಳಿದೆ. ಹನ್ನೊಂದೂ ಹಾಜರ್. ನಾನು ನಮ್ಮೂರಲ್ಲಿ ತಂಗಿಯನ್ನು ಧಾರೆ ಎರೆಯುವುದನ್ನು ನೋಡುತ್ತ ನಿಂತಿದ್ದ ದಿನ ರಾಯಚೂರಿನಲ್ಲಿ ಹದಿನೇಳನೇ ಬಿಲ್ಲೆ ಹಾಜರ್. ಮೈ ಸುಡುತ್ತ ಹಾಸಿಗೆಯಲ್ಲಿ ಬಿದ್ದಿದ್ದ ನಾಲ್ಕೂ ದಿನ ಹಾಜರ್. ಮುನೀಮರು ಕುತೂಹಲದಿಂದ ಮುಂದೆಯೂ ಹಿಂದೆಯೂ ತಿರುವಿದರು. ಆ ಹೆಸರಿನವರು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಜಮಾದಾರರ ಮಾತು ಆಗ ಅರ್ಥವಾಯಿತು. ನನ್ನ ಹಾಜರಿ ಬೀಳಗೊಡಲಿಲ್ಲ ಎಂದರೆ, ನಾನು ಬಾರದ ದಿನ ಸಾಲಿನಲ್ಲಿದ್ದ ಬೇರೆ ಯಾರಿಂದಲೋ 'ಹಾಜರ್' ಅನ್ನಿಸಿದ್ದರು. ನನಗೆ ತೊಂದರೆಯಾಗಬಾರದೆಂದು ಮಾಡಿದ ಉಪಕಾರ. ನನಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಬ್ಬರ ಬದಲು ಒಬ್ಬರು ಕೂಗುವುದು ಅಲ್ಲಿ ಅಷ್ಟು ರೂಢಿಯಾಗಿತ್ತು. ಆ ಉಪಕಾರ ಈಗ ನನ್ನ ಮೂರು ವರ್ಷವನ್ನು ತಿಂದುಹಾಕಿತು. ಯಾರ ಮೇಲೆ ಕೂಗಾಡಲಿ? ಮುನೀಮರ ಎದುರು ಹಾಳೆಯನ್ನು ಮುದ್ದೆ ಮಾಡಿ ಎಸೆದೆ, ಮತ್ತೆ ನಾನೇ ಎತ್ತಿ ನೇರ ಮಾಡಿ ಜೇಬಿಗೆ ಹಾಕಿಕೊಂಡೆ.

"ಬಿಲ್ಲೆ ನಂಬರಿಗೇ ಬರದು ಕೊಡ್ರಿ, ಹೆಸರು ಬ್ಯಾಡ" ಅಂದೆ.

"ಬಿಲ್ಲೆಗೆ ಯಾರರ ನೌಕರಿ ಕೊಡ್ತಾರೇನ್ರಿ?" ಅಂದರು. ಪಾಪ, ಬರಿಗೈಯಲ್ಲಿ ಕಳಿಸಬಾರದೆಂದು ಆ ಹೆಸರಿಗೆ ಇಪ್ಪತ್ತೆರಡು ವರ್ಷದ ಸರ್ಟಿಫಿಕೇಟ್ ಬರೆದು ಮುಂದೆ ಹಿಡಿದರು. ನನಗೀಗ ಇಪ್ಪತ್ತೇಳು. ಐದನೇ ವಯಸ್ಸಿಗೆ ಕಾಂಟಾದ ಕೆಲಸಕ್ಕೆ ಸೇರಿದ ಮನುಷ್ಯನೆಂದು ಸಂಘದವರ ಮುಂದೆ ನಿಲ್ಲಬೇಕು! ಅದನ್ನು ಗಾದಿಯ ಮೇಲೆಯೇ ಬಿಟ್ಟು ಎದ್ದೆ.

ಹೊರಗೆ ಕಾಂಟಾದ ಹತ್ತಿರ ಈಗಿನ ಹದಿನೇಳು ನಿಂತಿದ್ದ. ಕಲ್ಮಲದವನು, ಮೂವತ್ತರ ಹತ್ತಿರದ ಆಳು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ.

"ಅಣ್ಣಾರ, ನಾಳಿ ನಂದೂ ಇದ ಗತಿ ಏನ್ರಿ?"

ಹೌದೆಂದೆ. ಬೇರೆ ಏನು ಹೇಳಲಿ? ಸೇರಿದ ದಿನವನ್ನು ಎಲ್ಲಾದರೂ ಬರೆದಿಡು ಎಂದು ನನ್ನ ಪೆನ್ಸಿಲು ಕೊಡಹೋದೆ.

"ನನಗ ಬರಿಯಾಕ ಬರಂಗಿಲ್ಲರೀ. ನೀವ ಬರಕೋರ್ರಿ, ನಿಮ್ಮ ಬುಕ್ಕಿನ್ಯಾಗ."

ಅಲ್ಲೇ ಅಂಡಿಗೆಯ ಮೇಲೆ ದಿನಚರಿ ಇಟ್ಟು ಅವನ ಸ್ವಂತ ಹೆಸರು, ಊರು, ಸೇರಿದ ದಿನ ಬರೆದುಕೊಂಡೆ. ಅದರ ಮೇಲೆ, ನಡುವೆ ಜಾಗ ಬಿಟ್ಟು, ನನ್ನ ಹೆಸರು. ನನ್ನ ಆಮೇಲಿನವನು ಚಂದ್ರಬಂಡದವನು ಎಂಬುದು ನೆನಪಿತ್ತು. ಹೆಸರು? ೧೯೪೦ರ ಜನವರಿ ೧೧ರಂದು ಅವನ ಕೊರಳಿಗೆ ಬಿಲ್ಲೆ ಹಾಕಿ, ಕೂಗುವ ಹೆಸರನ್ನು ಎರಡು ಸಲ ಹೇಳಿಕೊಟ್ಟವನು ನಾನೇ. ಅವನದೇನೆಂದು ಕೇಳಿರಲಿಲ್ಲ. ಆ ದಿನದ ಹಾಳೆಯಲ್ಲಿ ೬೪ ಅಂಡಿಗೆಗೆ ೬೪ ಗೆರೆ ಇವೆ, ಆ ಮನುಷ್ಯನಿಗೆ ಒಂದು ಅಕ್ಷರವೂ ಇಲ್ಲ. ಬಾಗಲವಾಡದವರ ಹೆಸರೂ ಇಲ್ಲ.

ಮಾರ್ಚ್ ೨, ಭಾನುವಾರ, ಮಧ್ಯಾಹ್ನ ೩ ಗಂಟೆ. ಉಳಿದದ್ದು ಇಷ್ಟೇ. ಸರ್ಟಿಫಿಕೇಟಿಲ್ಲದೆ ದಿನಚರಿಯನ್ನೇ ಸಂಘಕ್ಕೆ ಒಯ್ದು ತೋರಿಸಿದೆ. ಕಾರ್ಯದರ್ಶಿಗಳು ಎರಡು ಹಾಳೆ ನೋಡಿ ಮರಳಿ ಕೊಟ್ಟರು. ೨೮ನೇ ತಾರೀಖು ಕಳೆಯಿತು. ಜಾಗ ಬೇರೆಯವರಿಗೆ ಆಯಿತು. ನಾಳೆ ೮ಕ್ಕೆ ಮಾವನ ಅಂಗಡಿ ತೆರೆಯಬೇಕು.

ಆದರೂ ಬಿಲ್ಲೆಯವರ ಹೆಸರು ಬರೆದ ಆ ಹಾಳೆಯಲ್ಲಿ ಜಾಗ ಖಾಲಿ ಬಿಡಲು ಮನಸ್ಸಿಲ್ಲ, ಅದಕ್ಕೇ ಇದನ್ನೆಲ್ಲ ಪತ್ರಿಕೆಗೆ ಕಳಿಸುತ್ತಿದ್ದೇನೆ. ಮುಂದೆ ಇಂಥದೇ ಜಾಗ ಇನ್ನೊಂದು ಬರಬಹುದು. ಅಷ್ಟರಲ್ಲಿ ಆ ಬಿಲ್ಲೆ ಯಾವ ದಿನ ಯಾರ ಕೊರಳಿನಿಂದ ಯಾರ ಕೊರಳಿಗೆ ಹೋಯಿತೆಂದು ಸಾಲಾಗಿ ಸಿಕ್ಕರೆ, ನನ್ನ ಮೂರು ವರ್ಷವೂ ಆ ಸಾಲಿನಲ್ಲಿ ತಾನಾಗಿ ಕೂರುತ್ತದೆ. ರಾಯಚೂರಿನ ಹತ್ತಿ ಗಿರಣಿಯಲ್ಲಿ ಹದಿನೇಳನೇ ಬಿಲ್ಲೆ ಹಾಕಿಕೊಂಡು ಕಾಂಟಾದಲ್ಲಿ ನಿಂತವರು, ಅಥವಾ ಅವರ ಮನೆಯವರು, ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಬಾಗಲವಾಡದವರು ಮತ್ತು ಚಂದ್ರಬಂಡದವರು ತಮ್ಮ ತಮ್ಮ ಹೆಸರು ತಿಳಿಸಬೇಕು. ಎಲ್ಲರಿಗಿಂತ ಮೊದಲಿನವರು, ೧೩೩೪ ಫಸಲಿಯಲ್ಲಿ ಸೇರಿದವರು, ಎಲ್ಲಿಯವರು, ಯಾವಾಗ ಬಿಟ್ಟರು ಎಂಬುದು ಯಾರಿಗೆ ಗೊತ್ತಿದ್ದರೂ ತಿಳಿಸಬೇಕು. ಅವರು ಬದುಕಿದ್ದರೆ, ತಾವು ಇಂದಿಗೂ ಒಂದು ದಿನ ತಪ್ಪಿಸದೆ ಕೆಲಸಕ್ಕೆ ಬರುತ್ತಿದ್ದೀರಿ ಎಂದೂ ಅವರಿಗೆ ಹೇಳಿ. ತಾರೀಖು ಬರೆಯುವಾಗ ಇಂಗ್ಲಿಷಿನದೋ ಫಸಲಿಯದೋ ಎಂದು ಮರೆಯದೆ ಕಾಣಿಸಿರಿ.